ಏಳು ಕಾಳು ಸೀಸ

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಎರಡು ಶೂಗಳ ದಾರ ಕಟ್ಟಿಕೊಳ್ಳುವುದಕ್ಕೆ ಚೂರಣ್ಣನಿಗೆ ಐದು ನಿಮಿಷ ಬೇಕಾಗುತ್ತಿತ್ತು. ಒಂದು ಕಟ್ಟಿ, ನೆಟ್ಟಗೆ ಕೂತು, ಗೋಡೆ ನೋಡುತ್ತ ಉಸಿರು ತೆಗೆದುಕೊಂಡು, ಆಮೇಲೆ ಇನ್ನೊಂದು. ಅಷ್ಟು ಹೊತ್ತೂ ಅವನ ಮಗಳು ವ್ಯಾನಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ ಹಿಂದೆ ನಿಂತಿರುತ್ತಿದ್ದಳು. ಬಾಗಿಲು ಕಿರಿದು, ಅವನನ್ನು ದಾಟಿ ಹೋಗುವ ಹಾಗಿರಲಿಲ್ಲ. ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಅವಳದು. ಎಂಟನೇ ನಂಬರಿನ ಮನೆಯ ಅವಳಿ ಮಕ್ಕಳು ದಿನವೂ ತಡವಾಗುವುದಕ್ಕೆ ಕಾರಣ ಅಪ್ಪನ ಶೂ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಚೂರಣ್ಣ ಎನ್ನುವುದು ಪೇಟೆ ಇಟ್ಟ ಹೆಸರು. ಅವನದು ತಕ್ಕಡಿ ರಿಪೇರಿಯ ಕಸುಬು. ಮುಳ್ಳು ನಡುವಿಗೆ ಬರುವ ತನಕ "ಇನ್ನೊಂದ್ ಚೂರು, ಇನ್ನೊಂದ್ ಚೂರು" ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತ ತಿರುಪು ತಿರುಗಿಸುತ್ತಿದ್ದ. ಆಲೂಗಡ್ಡೆ ಅಂಗಡಿಯ ದೊಡ್ಡ ತಕ್ಕಡಿಗಳನ್ನು ಯಾರು ಬೇಕಾದರೂ ಸರಿ ಮಾಡಬಹುದು. ಔಷಧಿ ತಯಾರಿಸುವವರ ಸಣ್ಣ ತಕ್ಕಡಿಗಳು ಹಾಗಲ್ಲ. ಗಾಜಿನ ಪೆಟ್ಟಿಗೆಯೊಳಗೆ ಇರುವ ಅವಕ್ಕೆ ಚಿಮ್ಮಟದಿಂದ ಉಗುರಿನ ತುಣುಕಿನಷ್ಟು ತೆಳು ತಗಡಿನ ತೂಕಗಳನ್ನು ಇಡಬೇಕು. ಊರಿನಲ್ಲಿ ಆ ಕೆಲಸಕ್ಕೆ ಪರವಾನಗಿ ಇದ್ದವರು ಇಬ್ಬರೇ. ಮೂರು ವರ್ಷಕ್ಕೊಮ್ಮೆ ಇಲಾಖೆಯ ಪರೀಕ್ಷಕನ ಎದುರು ಕೂತು ಒಂದು ತಕ್ಕಡಿಯನ್ನು ಸರಿ ಮಾಡಿ ತೋರಿಸಿದರೆ ಪರವಾನಗಿ ಮುಂದುವರಿಯುತ್ತಿತ್ತು. ಇಲ್ಲದಿದ್ದರೆ ಇಲ್ಲ.

ಆ ಪರೀಕ್ಷೆಗೆ ಮೂರು ತಿಂಗಳಿತ್ತು, ಮತ್ತು ಚೂರಣ್ಣನ ಕೈ ನಡುಗುತ್ತಿತ್ತು.

ಒಂದು ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ಚಿಮ್ಮಟದಿಂದ ಅತಿ ಸಣ್ಣ ತೂಕ ಜಾರಿ ಕೌಂಟರಿನ ಕೆಳಗೆ ಹೋಯಿತು. ಅಂಗಡಿಯವನು, ಅವನ ತಂಗಿ, ಕಾಯಿಲೆಯ ಚೀಟಿ ಹಿಡಿದು ಬಂದಿದ್ದ ಇಬ್ಬರು ಗಿರಾಕಿಗಳು, ಎಲ್ಲರೂ ಟಾರ್ಚು ಹಿಡಿದು ನೆಲಕ್ಕೆ ಮಂಡಿಯೂರಿದರು. ತೂಕ ಸಿಕ್ಕಿತು. ಆದರೆ ಅಂಗಡಿಯವನು ಅದನ್ನು ಚೂರಣ್ಣನ ಅಂಗೈ ಮೇಲೆ ಇಡದೆ ತಾನೇ ಪೆಟ್ಟಿಗೆಗೆ ಹಾಕಿದ. ಈ ವಿಷಯವನ್ನು ಚೂರಣ್ಣ ಮನೆಯಲ್ಲಿ ಹೇಳಲಿಲ್ಲ. ಅಂಗಡಿಯವನ ತಂಗಿ ಹೇಳಿದಳು, ಬಸ್ಸಿನಲ್ಲಿ, ಅವನ ಹೆಂಡತಿಗೆ.

ಹೆಂಡತಿಗೆ ಅದೇನೂ ಹೊಸ ಸುದ್ದಿಯಾಗಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ವಸ್ತ್ರಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಡಬೇಕು. ಏಳುವಾಗಲೇ ಕಿಟಕಿಯ ಕಟ್ಟೆಯ ಮೇಲೆ ಖಾಲಿ ಚಹಾ ಲೋಟಗಳು ಎಷ್ಟಿವೆ ಎಂದು ನೋಡುತ್ತಿದ್ದಳು. ಎರಡಿದ್ದರೆ ಗಂಡ ಅರ್ಧ ರಾತ್ರಿ ಮಲಗಿದ್ದಾನೆ. ನಾಲ್ಕಿದ್ದರೆ ಕಣ್ಣೇ ಮುಚ್ಚಿಲ್ಲ, ಸಂಜೆ ಊಟಕ್ಕೆ ಕೂತಾಗ ಉಪ್ಪಿನ ಮೇಲೋ ಫ್ಯಾನಿನ ಸದ್ದಿನ ಮೇಲೋ ಜಗಳ ಖಂಡಿತ. ನಾಲ್ಕು ಲೋಟದ ದಿನ ಮಗಳು ಊಟದ ಹೊತ್ತು ಮೀರಿಸಿ ಬರುತ್ತಿದ್ದಳು. ಅಜ್ಜಿಗೆ, ಅಂದರೆ ಚೂರಣ್ಣನ ತಾಯಿಗೆ, ತಪ್ಪಿಸಿಕೊಳ್ಳುವ ಜಾಗ ಇರಲಿಲ್ಲ. ಎಪ್ಪತ್ತೊಂಬತ್ತು ವರ್ಷದ ಅವಳು ಕಿವುಡಿಯಾಗಿಬಿಡುತ್ತಿದ್ದಳು. ಒಂದು ಸಂಜೆ ಅವನು ಅನ್ನದ ತಟ್ಟೆಯನ್ನು ತಳ್ಳಿದ ರಭಸಕ್ಕೆ ಅದು ಮೇಜಿನ ಆಚೆ ತುದಿಯಿಂದ ಬಿತ್ತು. ಹೆಂಡತಿ ಅನ್ನ ಗುಡಿಸಿದಳು. ಮಾರನೆಯ ದಿನ ಹೆಂಡತಿ ರಜೆ ಹಾಕಿ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ರಕ್ತ ತೆಗೆಸಿದರು, ಎದೆಗೆ ತಂತಿ ಅಂಟಿಸಿದರು, ಬೆರಳುಗಳನ್ನು ಚಾಚಿಸಿ ನೋಡಿದರು. ರೋಗ ಏನೂ ಇಲ್ಲ, ಚಹಾ ದಿನಕ್ಕೆ ಎರಡೇ ಲೋಟ, ದಿನಾ ಮುಕ್ಕಾಲು ಗಂಟೆ ಜೋರಾಗಿ ನಡೆಯಿರಿ, ಮೂರು ತಿಂಗಳ ಮೇಲೆ ಬನ್ನಿ ಎಂದರು. ಮನೆಗೆ ಬಂದ ಚೂರಣ್ಣ ನೇರ ಹಾಲಿನ ಮೂಲೆಗೆ ಹೋಗಿ, ತನ್ನ ಅಪ್ಪನ ಕಾಲದ ಕಬ್ಬಿಣದ ಮಣೆತಕ್ಕಡಿಯ ಮೇಲಿದ್ದ ಹಳೇ ಪತ್ರಿಕೆಗಳ ಕಟ್ಟನ್ನು ಕೆಳಗಿಳಿಸಿದ. ಕೆಳಗೆ ನಿಲ್ಲುವುದಕ್ಕೆ ಮಣೆ, ಆಳೆತ್ತರದ ಕಂಬ, ಅಡ್ಡಕ್ಕೊಂದು ಹಿತ್ತಾಳೆಯ ತೋಳು, ತೋಳಿನ ಮೇಲೆ ಜಾರುವ ಗುಂಡು. ಮಗಳಿಗೆ ಮೂರು ವರ್ಷವಾದಾಗಿನಿಂದ ಪ್ರತಿ ಹುಟ್ಟುಹಬ್ಬದ ತೂಕವನ್ನು ಪಕ್ಕದ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು. ಅವನು ಶೂ ಬಿಚ್ಚಿ ಹತ್ತಿ, ಗುಂಡು ಜಾರಿಸಿ, ಗೋಡೆಯ ಮೇಲೆ ಬರೆದ: ಎಪ್ಪತ್ತೆಂಟು ಕಿಲೋ ನಾನೂರು ಗ್ರಾಂ.

"ಇಳಿಸ್ಬೇಕು," ಅಂದ. ಯಾರೂ ಬೇಡ ಅನ್ನಲಿಲ್ಲ.

ಎಲ್ಲಿ ನಡೆಯುವುದು ಎನ್ನುವುದು ಒಂದು ದಿನದ ಜಗಳ. ಉದ್ಯಾನದಲ್ಲಿ ಸುತ್ತು ಹಾಕಲು ಅವನಿಗೆ ನಾಚಿಕೆ, ಗಾಣದ ಎತ್ತಿನ ಹಾಗೆ ಅಂದ. ಕೊನೆಗೆ ಹೆಂಡತಿ, ತಾನು ಬಸ್ಸು ಬಿಟ್ಟು ನಡೆದೇ ಕೆಲಸಕ್ಕೆ ಹೋಗುವುದಾಗಿಯೂ, ಅವನು ಗೇಟಿನ ತನಕ ಬಿಟ್ಟು ವಾಪಸಾಗಬಹುದೆಂದೂ ಹೇಳಿದಳು. ಹೋಗಿ ಬರಲು ಐವತ್ತು ನಿಮಿಷ. ಮೊದಲ ದಿನ ಸೇತುವೆಯ ಮೇಲೆ ಎರಡು ಸಲ ನಿಂತ. ಬಂದವನು ಮನೆಯ ಮೂರು ಮಹಡಿ ಹತ್ತಲಾರದೆ ಕೆಳಗಿನ ಮೆಟ್ಟಿಲ ಮೇಲೇ ಕೂತ. ವ್ಯಾನು ತೆಗೆಯಲು ಇಳಿದು ಬಂದ ಮಗಳು ಅವನನ್ನು ದಾಟಿಕೊಂಡು ಹೋದಳು.

ಮೂರು ಭಾನುವಾರ ತೂಗಿದ. ಎಪ್ಪತ್ತೆಂಟು ಕಿಲೋ ನಾನೂರು ಗ್ರಾಂ. ಐನೂರು. ಮತ್ತೆ ನಾನೂರು.

ಮೂರನೆಯ ಭಾನುವಾರ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಅವನು ಲೆಕ್ಕ ಒಪ್ಪಿಸಿದ: ಇಪ್ಪತ್ತೊಂದು ದಿನ, ನೂರು ಕಿಲೋಮೀಟರು, ಫಲ ಸೊನ್ನೆ. ಇನ್ನೊಂದು ವಾರ ನೋಡುತ್ತೇನೆ, ಆಮೇಲೆ ಸಾಕು. ಶೂ ಸವೆಸುವುದಕ್ಕೆ ಶೂ ಅಂಗಡಿಯವರು ನನಗೇನೂ ಕೊಡುವುದಿಲ್ಲ.

ಹೆಂಡತಿ ಮೊಟ್ಟೆ ಸುಲಿಯುತ್ತಿದ್ದಳು. ಅಜ್ಜಿ ಕಿಟಕಿಯ ಕಟ್ಟೆಯ ಕಡೆ ನೋಡಿದಳು. ಅಲ್ಲಿ ಒಂದೇ ಲೋಟ ಇತ್ತು, ಅದೂ ಅಜ್ಜಿಯದೇ. ಆ ವಾರ ಊಟದ ಮೇಜಿನಲ್ಲಿ ಜಗಳವೂ ಒಂದೇ ಆಗಿತ್ತು, ಅದನ್ನು ಶುರು ಮಾಡಿದವಳೂ ಅಜ್ಜಿಯೇ.

ಮುಂದಿನ ಶನಿವಾರ ಸಂಜೆ ಚೂರಣ್ಣ ಅಂಗಡಿಯಲ್ಲಿದ್ದ, ಸೊಸೆ ಬಟ್ಟೆ ಒಣಗಿಸಲು ಮೇಲೆ ಹೋಗಿದ್ದಳು. ಅಜ್ಜಿ ಮಂಚದ ಕೆಳಗಿನಿಂದ ಗಂಡನ ಹಳೇ ಸಲಕರಣೆ ಪೆಟ್ಟಿಗೆ ಎಳೆದಳು. ಮೂವತ್ತೆಂಟು ವರ್ಷ ತಕ್ಕಡಿಯವನ ಹೆಂಡತಿಯಾಗಿದ್ದವಳು ಅವಳು. ಹಳೇ ಕಬ್ಬಿಣ ಕೊಳ್ಳುವ ವ್ಯಾಪಾರಿಗಳು ಮಾಲು ಕಮ್ಮಿ ತೂಗಲಿ ಎಂದು ಗುಂಡಿನ ಹೊಟ್ಟೆಯಲ್ಲಿ ಸೀಸ ತುರುಕುವುದನ್ನು ಗಂಡ ಎಷ್ಟು ಸಲ ಹಿಡಿದಿದ್ದ, ಹಿಡಿದದ್ದನ್ನು ಊಟದ ಹೊತ್ತಿಗೆ ಎಷ್ಟು ಸಲ ಬಣ್ಣಿಸಿದ್ದ ಎನ್ನುವುದಕ್ಕೆ ಲೆಕ್ಕವಿಲ್ಲ. ಗುಂಡಿನ ತಳದ ಬಿರಡೆ ತಿರುಗಿಸಿ ಬಟಾಣಿ ಕಾಳಿನಷ್ಟು ಸೀಸ ಹಾಕಿದಳು. ಬಿರಡೆ ಮುಚ್ಚಿದಳು. ಮಣೆ ಖಾಲಿ ಇದ್ದಾಗ ತೋಳು ಸಮ ನಿಲ್ಲುವಂತೆ ತುದಿಯ ತಿರುಪನ್ನು ಒಂದು ಎಳೆ ಹಿಂದಕ್ಕೆ ತಂದಳು. ಇಷ್ಟಕ್ಕೆ ಅವಳಿಗೆ ಹಿಡಿದದ್ದು ನಾಲ್ಕು ನಿಮಿಷ.

ಭಾನುವಾರ ಎಪ್ಪತ್ತೆಂಟು ಕಿಲೋ ನೂರು ಗ್ರಾಂ. ಚೂರಣ್ಣ ಇಳಿದು, ಮತ್ತೆ ಹತ್ತಿ, ಮತ್ತೆ ಗುಂಡು ಜಾರಿಸಿದ. ನೂರೇ.

"ಮುನ್ನೂರು ಗ್ರಾಂ ಹೋಯ್ತು," ಅಂದ.

"ಎಲ್ಲಿ ಹೋಯ್ತು ಹುಡುಕು," ಅಂದಳು ಅಜ್ಜಿ, ಹೊದಿಕೆಯೊಳಗಿಂದ.

ಹೀಗೆ ಏಳು ಶನಿವಾರ, ಏಳು ಕಾಳು. ಗೋಡೆಯ ಮೇಲಿನ ಪೆನ್ಸಿಲಿನ ಸಾಲು ಮೆಟ್ಟಿಲಿನ ಹಾಗೆ ಇಳಿಯಿತು. ಚೂರಣ್ಣ ಪೇಟೆಯಲ್ಲಿ ಎದುರು ಸಿಕ್ಕವರಿಗೆಲ್ಲ ತನ್ನ ತೂಕ ಹೇಳುತ್ತಿದ್ದ. ಮಗಳಿಗೂ ಹುರುಪು ಹತ್ತಿ ತಾನೂ ಹತ್ತಿ ನೋಡತೊಡಗಿದಳು; ದಿನವೆಲ್ಲ ಸ್ಟೀರಿಂಗಿನ ಹಿಂದೆ ಕೂತು, ಮಕ್ಕಳು ಬಿಟ್ಟ ಬಿಸ್ಕತ್ತು ತಿಂದೂ ಒಂದೂವರೆ ಕಿಲೋ ಕಮ್ಮಿಯಾಗಿದ್ದಳು. ಇದು ತನ್ನ ಮೈಯ ಗುಣ ಎಂದು ಗೆಳತಿಯರಿಗೆ ಹೇಳಿದಳು. ಹೆಂಡತಿಯೊಬ್ಬಳೇ ಏನೂ ಹೇಳಲಿಲ್ಲ. ಮನೆಯ ಬಟ್ಟೆಗೂ ಇಸ್ತ್ರಿ ಹಾಕುವವಳು ಅವಳೇ. ಗಂಡನ ಬೆಲ್ಟು ಮೊದಲಿನ ತೂತಿನಲ್ಲೇ ಇತ್ತು.

ಅವಳಿಗೆ ಬೇರೆ ಏನೇನೋ ಗೊತ್ತಾಗುತ್ತಿತ್ತು. ಆರನೆಯ ವಾರ ಸೇತುವೆಯ ಮೇಲೆ ಗಂಡ ನಿಲ್ಲುವುದನ್ನು ಬಿಟ್ಟ. ಏಳನೆಯ ವಾರ ಮಾತಾಡುತ್ತಲೇ ಸೇತುವೆ ಏರತೊಡಗಿದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇಬ್ಬರೇ ಅರ್ಧ ಗಂಟೆ ಮಾತಾಡಿದ ನೆನಪು ಅವಳಿಗಿರಲಿಲ್ಲ. ಔಷಧಿ ಅಂಗಡಿಯಲ್ಲಿ ತೂಕ ಬಿದ್ದದ್ದನ್ನು ಅವನು ಹೇಳಿದ್ದು ಆ ದಾರಿಯಲ್ಲೇ, ಹಾಲಿನ ಗಾಡಿ ದಾಟಿ ಹೋಗಲೆಂದು ನಿಂತಾಗ. ಅವಳು ಮೊದಲ ಸಲ ಕೇಳುವವಳ ಹಾಗೆ ಕೇಳಿಸಿಕೊಂಡಳು.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಇಲಾಖೆಯಿಂದ ನಮೂನೆ ಬಂತು. ಹಳೆಯದೇ ನಮೂನೆ. ನನ್ನ ಅಂಗಡಿ ಮತ್ತು ಮನೆಯಲ್ಲಿರುವ ಎಲ್ಲ ತಕ್ಕಡಿಗಳೂ ಸರಿಯಾಗಿವೆ, ನಾನೇ ಪರಿಶೀಲಿಸಿದ್ದೇನೆ ಎಂದು ಸಹಿ ಹಾಕಬೇಕು. ಪರಿಶೀಲಿಸದೆ ಸಹಿ ಹಾಕುವವರಿದ್ದಾರೆ. ಚೂರಣ್ಣ ಆ ಪೈಕಿಯಲ್ಲ. ಮನೆಯ ಮಣೆತಕ್ಕಡಿಗೆ ಅಂಗಡಿಯಿಂದ ಇಲಾಖೆಯ ಮುದ್ರೆ ಬಿದ್ದ ತೂಕದ ಕಲ್ಲುಗಳೇ ಬೇಕು, ಇಪ್ಪತ್ತು ಕಿಲೋದವು ನಾಲ್ಕು. ಸಂಜೆ ಒಂದೊಂದಾಗಿ ತಂದ. ನಾಲ್ಕನ್ನೂ ಮಣೆಯ ಮೇಲಿಟ್ಟು ಗುಂಡು ಜಾರಿಸಿದ.

ಎಂಬತ್ತು ಕಿಲೋ ಕಲ್ಲು ಎಪ್ಪತ್ತೇಳು ಕಿಲೋ ಎಂಟುನೂರೈವತ್ತು ಗ್ರಾಂ ತೂಗಿತು.

ಅವನು ಗುಂಡನ್ನು ಹಿಂದಕ್ಕೆ ತಂದು ಮತ್ತೊಮ್ಮೆ ಜಾರಿಸಿದ, ಅಷ್ಟೇ ಬಂತು. ಆಮೇಲೆ ಗುಂಡನ್ನು ತೋಳಿನಿಂದ ಬಿಡಿಸಿ ಊಟದ ಮೇಜಿಗೆ ತಂದು, ಬಿರಡೆ ತೆಗೆದು ಬೋರಲು ಹಾಕಿದ. ಹೆಂಡತಿ ಬಡಿಸಲು ತಂದಿಟ್ಟಿದ್ದ ಖಾಲಿ ತಟ್ಟೆಯೊಳಕ್ಕೆ ಏಳು ಸೀಸದ ಕಾಳು ಉರುಳಿದವು.

"ಯಾರಿದು?"

"ನಾನು," ಅಂದಳು ಅಜ್ಜಿ. ಆ ದಿನ ಅವಳು ಕಿವುಡಿಯಾಗಲಿಲ್ಲ.

"ಅಮ್ಮಾ, ಇದು ಗುಜರಿಯವರು ಮಾಡೋ ಕೆಲಸ."

"ಹೌದು. ಅವರಿಂದ್ಲೇ ಕಲ್ತಿದ್ದು, ನಿಮ್ಮಪ್ಪನ ಮೂಲಕ."

"ತಕ್ಕಡಿಯವನ ಮನೇಲಿ ಸುಳ್ಳು ತಕ್ಕಡಿ. ನಾನು ಊರಿಗೆಲ್ಲ ಹೇಳ್ಕೊಂಡ್ ಬಂದಿದೀನಿ, ಎರಡು ಕಿಲೋ ಇಳಿದೆ ಅಂತ."

ಮಗಳು ತಟ್ಟೆಯಲ್ಲಿದ್ದ ಕಾಳುಗಳನ್ನು ನೋಡುತ್ತಿದ್ದಳು. "ಹಾಗಾದ್ರೆ ನನ್ನ ಒಂದೂವರೆ ಕಿಲೋ?" ಅಂದಳು.

ಚೂರಣ್ಣ ಹೆಂಡತಿಯ ಕಡೆ ತಿರುಗಿ ಅವಳಿಗೂ ಗೊತ್ತಿತ್ತೇ ಎಂದು ಕೇಳಿದ. ಸೀಸದ ವಿಷಯ ಗೊತ್ತಿರಲಿಲ್ಲ, ಬೆಲ್ಟಿನ ವಿಷಯ ಗೊತ್ತಿತ್ತು ಎಂದಳು. ಹಾಗಿದ್ದರೆ ಬಾಯಿ ಬಿಡಲಿಲ್ಲ ಯಾಕೆ, ಎರಡು ತಿಂಗಳು ತನ್ನನ್ನು ಕೋತಿಯ ಹಾಗೆ ಓಡಾಡಿಸಿದ್ದು ಯಾಕೆ ಎಂದು ಅವನ ದನಿ ಏರಿತು. ಅವಳು ತಟ್ಟೆಯಿಂದ ಕಾಳುಗಳನ್ನು ಬೆಂಕಿಪೊಟ್ಟಣವೊಂದಕ್ಕೆ ಸುರಿದು, ತಟ್ಟೆ ತೊಳೆದು ತಂದಳು.

"ಡಾಕ್ಟ್ರು ತೂಕದ ಮಾತೇ ಎತ್ತಿರ್ಲಿಲ್ಲ ಕಣ್ರೀ," ಅಂದಳು. "ನಿದ್ದೆ ಬರುತ್ತೆ, ಕೈ ನಿಲ್ಲುತ್ತೆ, ಉಸಿರು ಹಗುರಾಗುತ್ತೆ ಅಂದ್ರು. ನಾನೂ ಅಲ್ಲೇ ಕೂತಿದ್ದೆ. ತೂಕ ಅಂತ ನೀವೇ ಅಂದ್ಕೊಂಡಿದ್ದು. ಈ ಮನೇಲಿ ಜ್ವರ ಬಂದ್ರೂ ಮೊದಲು ತಕ್ಕಡಿ ಹತ್ತಿಸ್ತೀರ."

ಅವನು ಊಟ ಮಾಡದೆ ಎದ್ದ. ಆ ರಾತ್ರಿಯೇ ತಿರುಪು ಸರಿ ಮಾಡಿ, ಗುಂಡು ಏರಿಸಿ, ಎಂಬತ್ತಕ್ಕೆ ಎಂಬತ್ತು ತಂದು ನಮೂನೆಗೆ ಸಹಿ ಹಾಕಿದ. ಬೆಳಿಗ್ಗೆ ಹೆಂಡತಿ ಬಾಗಿಲ ಬಳಿ ಎರಡು ನಿಮಿಷ ಕಾದಳು. ಕೋಣೆಯಿಂದ ಸದ್ದಿಲ್ಲ. ಬಸ್ಸಿಗೆ ಹೋದಳು.

ನಾಲ್ಕು ದಿನ ಹೀಗೇ ಆಯಿತು. ಇಪ್ಪತ್ತು ಕಿಲೋದ ಕಲ್ಲುಗಳು ಹಾಲಿನ ನಡುವೆ ಹಾಗೇ ಕೂತಿದ್ದವು. ಮಗಳು ಒಂದಕ್ಕೆ ಕಾಲು ಎಡವಿ, ಹಲ್ಲು ಕಚ್ಚಿಕೊಂಡು ಹೊರಗೆ ಹೋದಳು. ಎರಡನೆಯ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಎರಡು ಲೋಟ, ಮೂರನೆಯ ಬೆಳಿಗ್ಗೆ ಮೂರು. ಅಜ್ಜಿ ತೊಳೆಯುವ ಮೊದಲು ಅವನ್ನು ಒಂದರೊಳಗೊಂದು ಇಟ್ಟು, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮಧ್ಯ ತಂದಿಟ್ಟಳು. ಚೂರಣ್ಣ ಅವನ್ನು ಸರಿಸಿ ಪತ್ರಿಕೆ ಓದಿದ.

ನಾಲ್ಕನೆಯ ಸಂಜೆ ಅನ್ನಕ್ಕೆ ಉಪ್ಪು ಜಾಸ್ತಿಯಾಗಿತ್ತು, ನಿಜವಾಗಿಯೂ ಜಾಸ್ತಿಯಾಗಿತ್ತು. ಅವನು ತಟ್ಟೆಗೆ ಕೈ ಹಾಕಿದ. ತಳ್ಳುತ್ತಾನೆ ಎಂದುಕೊಂಡು ಹೆಂಡತಿ ಮೇಜಿನ ಆಚೆ ತುದಿಗೆ ಅಂಗೈ ಅಡ್ಡ ಇಟ್ಟಳು.

"ಮಗಾ," ಅಂದಳು ಅಜ್ಜಿ, "ಈ ಕಲ್ಲು ಮೇಲೆ ತರುವಾಗ ಎಷ್ಟು ಕಡೆ ಇಳಿಸ್ದೆ?"

ಅವನಿಗೆ ಅರ್ಥವಾಗಲಿಲ್ಲ.

"ನಾಲ್ಕು ಕಲ್ಲು. ಒಂದೊಂದೂ ಇಪ್ಪತ್ತು ಕಿಲೋ. ಮೂರು ಮಹಡಿ. ಎಲ್ಲೆಲ್ಲಿ ಕೆಳಗಿಟ್ಟು ಸುಧಾರಿಸ್ಕೊಂಡೆ ಅಂತ ಕೇಳ್ತಿದೀನಿ. ಮೂರು ತಿಂಗಳ ಹಿಂದೆ ಎರಡು ಕಿಲೋ ಆಲೂಗಡ್ಡೆನ ಎರಡನೇ ಮಹಡೀಲಿ ಬಿಟ್ಟು ಬಂದಿದ್ದೆ. ಇವಳು ಹೋಗಿ ತಂದ್ಲು."

ಚೂರಣ್ಣ ನೆನಪು ಮಾಡಿಕೊಳ್ಳಲು ನೋಡಿದ. ಆವತ್ತು ಅವನ ತಲೆಯಲ್ಲಿ ನಮೂನೆ ಇತ್ತು, ಸಹಿ ಇತ್ತು, ಮೆಟ್ಟಿಲು ಇರಲಿಲ್ಲ.

"ಎಲ್ಲೂ ಇಳಿಸ್ಲಿಲ್ಲ," ಅಂದಳು ಮಗಳು. "ನಾನು ಮೊದಲನೇ ಮಹಡಿ ಮೆಟ್ಟಿಲ ಮೇಲೆ ಫೋನಲ್ಲಿ ಮಾತಾಡ್ತಾ ಕೂತಿದ್ದೆ. ನಾಲ್ಕು ಸಲ ನನ್ನ ದಾಟಿ ಹೋದ್ರು, ಮೇಲಿನ ತನಕ ಹೆಜ್ಜೆ ಸದ್ದು ನಿಲ್ಲಲೇ ಇಲ್ಲ. ಮೂರನೇ ಸಲ ಕಾಲು ತೆಗಿ ಅಂತ ಬೈದ್ರು ಕೂಡ. ಬೈಯೋಷ್ಟು ಉಸಿರಿತ್ತು."

ಹೆಂಡತಿ ಅಂಗೈಯನ್ನು ಮೇಜಿನ ತುದಿಯಿಂದ ತೆಗೆಯಲಿಲ್ಲ. ಚೂರಣ್ಣ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ನೀರು ಕುಡಿಕುಡಿದು, ಉಪ್ಪಿನ ಅನ್ನವನ್ನು ಪೂರ್ತಿ ತಿಂದ. ಊಟವಾದ ಮೇಲೆ ಎದ್ದು ಎರಡು ಕೈಗೆ ಎರಡು ಕಲ್ಲು ಎತ್ತಿಕೊಂಡ. ಒಂದೊಂದೇ ತೆಗೆದುಕೊಂಡು ಹೋಗಿ ಎಂದಳು ಹೆಂಡತಿ. ಅವನು ಒಂದನ್ನು ಕೆಳಗಿಟ್ಟು ಒಂದನ್ನು ಒಯ್ದ.

ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅವನು ಬಾಗಿಲ ಹೊರಗೆ ನಿಂತಿದ್ದ. ಇಬ್ಬರೂ ಸೇತುವೆ ದಾಟಿದರು. ಆಮೇಲೆ ಅವನು, ಡಾಕ್ಟರು ನಿಜವಾಗಿಯೂ ತೂಕ ಅನ್ನಲೇ ಇಲ್ಲವೇ ಎಂದು ಕೇಳಿದ. ಇಲ್ಲ ಎಂದಳು. ಇನ್ನಷ್ಟು ದೂರ ಹೋದ ಮೇಲೆ ಮತ್ತೊಮ್ಮೆ ಕೇಳಿದ. ಅವಳು ನಗತೊಡಗಿದಳು, ಆಸ್ಪತ್ರೆಯ ಗೇಟಿನ ಕಾವಲುಗಾರ ತಿರುಗಿ ನೋಡುವಷ್ಟು.

ಪರೀಕ್ಷೆ ಒಂದು ಸಣ್ಣ ಕೋಣೆಯಲ್ಲಿ ನಡೆಯಿತು. ಪರೀಕ್ಷಕ ಹರೆಯದವನು, ನೆಗಡಿಯಾಗಿತ್ತು. ಸೀನು ಬಂದಾಗ ಗಾಳಿ ತಕ್ಕಡಿಗೆ ತಾಗದಿರಲಿ ಎಂದು ಕಾರಿಡಾರಿಗೆ ಓಡುತ್ತಿದ್ದ. ಚೂರಣ್ಣ ಗಾಜಿನ ಬಾಗಿಲು ಸರಿಸಿ ಚಿಮ್ಮಟ ತೆಗೆದುಕೊಂಡ. ಮೊದಲು ಅದನ್ನು ಖಾಲಿಯಾಗಿಯೇ ಹಿಡಿದು ತುದಿ ನೋಡಿದ. ತುದಿ ನಿಂತಿತ್ತು. ಸೊಳ್ಳೆಯ ರೆಕ್ಕೆಯಂಥ ತಗಡನ್ನು ಎತ್ತಿ ತಟ್ಟೆಯ ನಡುವಿಗೆ ಇಳಿಸಿದ. ಮುಳ್ಳು ಎಡಕ್ಕೆ ವಾಲಿತು. ತಿರುಪು ಮುಟ್ಟಿದ. ಇನ್ನೊಂದ್ ಚೂರು. ಇನ್ನೊಂದ್ ಚೂರು. ಪರೀಕ್ಷಕ ಕಾರಿಡಾರಿನಿಂದ ಒಳಗೆ ಬರುವಷ್ಟರಲ್ಲಿ ಮುಳ್ಳು ನಡುವಿನ ಗೆರೆಯ ಮೇಲೆ ಇತ್ತು. ಅವನು ಭೂತಗನ್ನಡಿಯಿಂದ ನೋಡಿ, ಗಡಿಯಾರ ನೋಡಿ, ಹನ್ನೊಂದು ನಿಮಿಷ ಎಂದು ಬರೆದುಕೊಂಡ. ಹಿಂದಿನ ಸಲ ಹದಿನೆಂಟು ಆಗಿತ್ತು ಎಂದು ಕಡತ ನೋಡಿ ಹೇಳಿದ.

ಚೂರಣ್ಣ ನಡೆದೇ ಮನೆಗೆ ಬಂದ. ಮೂವರು ಹೆಂಗಸರೂ ಮನೆಯಲ್ಲಿದ್ದರು. ಮಗಳು ವ್ಯಾನನ್ನು ಕೆಳಗೆ ಅಡ್ಡಾದಿಡ್ಡಿ ನಿಲ್ಲಿಸಿ ಬಂದಿದ್ದಳು. ಅವನು ಪರವಾನಗಿಯ ಹಾಳೆಯನ್ನು ಮೇಜಿನ ಮೇಲಿಟ್ಟ. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು, ಮುದ್ರೆ ಬಿದ್ದಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿದಳು. ಹೆಂಡತಿ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಏನೂ ಮಾಡದೆ ನಿಂತು, ಆಮೇಲೆ ಎಲ್ಲರಿಗೂ ಅನ್ನ ಬಡಿಸಿದಳು. ಫ್ಯಾನು ಸದ್ದು ಮಾಡುತ್ತಿತ್ತು. ಅದಕ್ಕೆ ಒಂದು ತೊಟ್ಟು ಎಣ್ಣೆ ಬೇಕು ಎಂದ ಚೂರಣ್ಣ, ಊಟವಾದ ಮೇಲೆ ತಾನೇ ಹತ್ತಿ ಹಾಕಿದ.

ಭಾನುವಾರ ಬೆಳಿಗ್ಗೆ ಅವನು ಅಭ್ಯಾಸಬಲದಿಂದ ಮಣೆತಕ್ಕಡಿ ಹತ್ತಿದ. ಅದೀಗ ಸರಿ ತಕ್ಕಡಿ. ಗುಂಡು ಜಾರಿಸಿ, ಪೆನ್ಸಿಲು ಹುಡುಕಿ, ಸಿಗದೆ ಸುಮ್ಮನಾದ.

"ಎಷ್ಟು?" ಅಂದಳು ಅಜ್ಜಿ, ಹೊದಿಕೆಯೊಳಗಿಂದ.

"ಎಪ್ಪತ್ತೆಂಟು ನಾನೂರು. ಅಷ್ಟೇ ಇದೆ."

ಭಾನುವಾರವೂ ಹಾಸಿಗೆ ವಸ್ತ್ರಗಳು ಕೊಳೆಯಾಗುತ್ತವೆ. ಹೆಂಡತಿ ಆಗಲೇ ಬಾಗಿಲ ಹೊರಗಿದ್ದಳು, ಹೊತ್ತಾಯಿತು ಅನ್ನುತ್ತಿದ್ದಳು. ಚೂರಣ್ಣ ಬಲಗಾಲಿನ ಮೇಲೆ ನಿಂತು ಎಡಗಾಲು ಎತ್ತಿ ಶೂ ಏರಿಸಿದ, ಹಾಗೇ ನಿಂತು ದಾರ ಕಟ್ಟಿದ, ಆಮೇಲೆ ಕಾಲು ಬದಲಾಯಿಸಿದ. ಗೋಡೆ ಹಿಡಿಯಲಿಲ್ಲ.

ಅಜ್ಜಿ ಹೊದಿಕೆ ಸರಿಸಿ ಅದನ್ನು ನೋಡುತ್ತಿದ್ದಳು.

"ಆ ಸ್ಟೂಲು ನಿಂಗಿನ್ಯಾಕೆ?" ಅಂದಳು. "ಇಲ್ಲಿ ಕಿಟಕಿ ಹತ್ರ ಹಾಕು. ನೀವಿಬ್ರೂ ಎಲ್ಲೀ ತನಕ ಜೊತೇಲಿ ಹೋಗ್ತೀರಿ ಅಂತ ನಾನೂ ಒಂಚೂರು ನೋಡ್ತೀನಿ."